ತೋಳದ ವಿಳಾಸ ಹಂಚಿದ ಪ್ರಸಂಗ

ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿರುವ ನನಗೆ ಒಂದು ಅರ್ಜಿ ತುಂಬುವುದು ಯಾವ ಲೆಕ್ಕ? ಕೊಟ್ಟೂರಿನ ನಮ್ಮ ಓಣಿಯಲ್ಲಿ ಯಾರಿಗೇ ಪಾಸ್‌ಪೋರ್ಟ್ ಬೇಕಾಗಲಿ, ಯಾರದೇ ಪಿಂಚಣಿ ನಿಂತುಹೋಗಲಿ, ಅವರು ಮೊದಲು ಬರುವುದು ನಮ್ಮ ಮನೆಗೆ. ನಾನು ತುಂಬಿದ ಅರ್ಜಿ ತಿರಸ್ಕೃತವಾದ ದಾಖಲೆಯೇ ಇಲ್ಲ. ಎರಡು ಸಲ ತಿರಸ್ಕೃತವಾಗಿದೆ. ಅದಕ್ಕೆ ದಾಖಲೆ ಇಲ್ಲ!

ಹೀಗಿರುವಾಗ ಹೋದ ಚಳಿಗಾಲದ ಒಂದು ಸಂಜೆ ಫೋನಿನಲ್ಲಿ ಒಂದು ಸುದ್ದಿ ಕಣ್ಣಿಗೆ ಬಿತ್ತು. ಹೊರದೇಶದ ಒಂದು ಸಂಸ್ಥೆ ನಮ್ಮಂಥ ದೇಶಗಳಲ್ಲಿ ತಳಮಟ್ಟದಲ್ಲಿ ಕಾಡುಪ್ರಾಣಿಗಳನ್ನು ಕಾಪಾಡುವ ನಾಯಕರನ್ನು ಹುಡುಕಿ ಪ್ರಶಸ್ತಿ ಕೊಡುತ್ತದಂತೆ. ಬರೀ ಶಾಲು ಹಾರವಲ್ಲ, ಅವರ ಕೆಲಸ ಮುಂದುವರಿಯಲೆಂದು ಹಣವನ್ನೂ ಕೊಡುತ್ತದಂತೆ. ಅಂಥವರು ಗೊತ್ತಿದ್ದರೆ ಯಾರು ಬೇಕಾದರೂ ಅವರ ಪರವಾಗಿ ಅರ್ಜಿ ಹಾಕಬಹುದಂತೆ.

ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

"ರೀ, ಇದು ನಮ್ಮ ಮೈಲಾರಪ್ಪಗ ಬರಬೇಕಲ್ರೀ!"

ನನ್ನ ಯಜಮಾನರು ನಾಗರಾಜ, ಕೂಡ್ಲಿಗಿ ಕಡೆಯ ಒಂದು ದನದ ದವಾಖಾನೆಯಲ್ಲಿ ಕಂಪೌಂಡರ್. ಕುರಿಗಾರರೆಲ್ಲ ಅವರನ್ನು "ಡಾಕ್ಟ್ರ" ಎಂದೇ ಕರೆಯುತ್ತಾರೆ. ಅವರೂ ಬೇಡವೆನ್ನುವುದಿಲ್ಲ. ಮೈಲಾರಪ್ಪನ ವಿಷಯ ನನಗೆ ಗೊತ್ತಾದದ್ದು ಅವರಿಂದಲೇ.

ಮೈಲಾರಪ್ಪ ಹೊಸಹಳ್ಳಿ ಕಡೆಯ ಕುರುಚಲು ಗುಡ್ಡಗಳಲ್ಲಿ ಕುರಿ ಕಾಯುವ ಮನುಷ್ಯ. ಅರವತ್ತು ದಾಟಿದೆ. ಆ ಗುಡ್ಡಗಳ ಕೊರಕಲುಗಳಲ್ಲಿ ಪ್ರತಿ ಚಳಿಗಾಲ ತೋಳ ಮರಿ ಹಾಕುತ್ತದೆ. ಹಿಂದೆಲ್ಲ ಜನ ಬಿಲದ ಬಾಯಿಗೆ ಹುಲ್ಲು ತುರುಕಿ ಹೊಗೆ ಹಾಕುತ್ತಿದ್ದರು, ಇಲ್ಲವೇ ಸತ್ತ ಕುರಿಗೆ ವಿಷ ಹಾಕಿ ಇಡುತ್ತಿದ್ದರು. ಮೈಲಾರಪ್ಪ ಮಾತ್ರ ತನ್ನ ಮರಿಯನ್ನೇ ತೋಳ ಹೊತ್ತೊಯ್ದರೂ ರುಮಾಲು ಕೊಡವಿ ಎದ್ದು, "ತನ್ನ ಪಾಲು ತಗಂಡು ಹೋತು" ಎನ್ನುತ್ತಿದ್ದ. ಇದು ಅವನ ಹಿರಿಯರ ಕಾಲದ ಮಾತು. ಹಟ್ಟಿಯಲ್ಲಿ ಹುಟ್ಟಿದ್ದೆಲ್ಲ ಮನುಷ್ಯನದಲ್ಲ, ಅದರಲ್ಲಿ ತೋಳದ ಪಾಲೂ ಉಂಟು.

ಈ ಮಾತನ್ನು ಹೇಳುವವರು ಬೇಕಾದಷ್ಟಿದ್ದಾರೆ. ಮೈಲಾರಪ್ಪ ಅಷ್ಟಕ್ಕೇ ನಿಲ್ಲಲಿಲ್ಲ. ಬೇರೆಯವರ ಮರಿಯನ್ನು ತೋಳ ಒಯ್ದರೆ ಅವರು ಸಿಟ್ಟಿಗೆದ್ದು ವಿಷ ಇಡಬಾರದೆಂದು ತನ್ನ ಹಟ್ಟಿಯಿಂದ ಒಂದು ಮರಿಯನ್ನು ಅವರ ಹೆಗಲಿಗೆ ಹಾಕಿ ಬರುತ್ತಿದ್ದ! ಎಷ್ಟೋ ವರ್ಷದಿಂದ ಹೀಗೆ. ಆ ಗುಡ್ಡದಲ್ಲಿ ಈಗ ಯಾರೂ ವಿಷ ಇಡುವುದಿಲ್ಲ. ಇಂಥವನಿಗಲ್ಲದೆ ಇನ್ನಾರಿಗೆ ಕೊಡಬೇಕು ಪ್ರಶಸ್ತಿ?

"ಅವಂಗ ಕೊಡೋದು ಖರೇನ ಚೊಲೋ" ಎಂದರು ಯಜಮಾನರು. "ಆದ್ರ ನೀನು ಕೈ ಹಾಕಬ್ಯಾಡ."

"ಯಾಕ?"

"ನೀನು ಕೈ ಹಾಕಿದ್ದೆಲ್ಲಾ ದೊಡ್ಡದಾಗತೈತಿ ಗಿರಿಜಾ."

ಇದನ್ನು ನಾನು ಹೊಗಳಿಕೆ ಎಂದು ಸ್ವೀಕರಿಸಿದೆ.

ಮುಂದಿನ ರಜೆಯ ದಿನ ಇಬ್ಬರೂ ಬೈಕಿನಲ್ಲಿ ಹಟ್ಟಿಗೆ ಹೋದೆವು. ಮೈಲಾರಪ್ಪ ಕಂಬಳಿ ಹಾಸಿ ನಮ್ಮನ್ನು ಕೂರಿಸಿ ತಾನು ಕಲ್ಲಿನ ಮೇಲೆ ಕುಳಿತ. ಅವನ ಹೆಂಡತಿ ಕೆಂಚಮ್ಮ ಚಾ ಕಾಸಿದಳು. ನಾನು ಕನ್ನಡಕ ಏರಿಸಿ, ಅಂತಾರಾಷ್ಟ್ರೀಯ ಮಟ್ಟದ ಸಂದರ್ಶನವನ್ನು ಆರಂಭಿಸಿದೆ.

"ನಿಮ್ಮ ಸಂಸ್ಥೆ ಹೆಸರೇನ್ರಿ ಯಜಮಾನ್ರ?"

"ಸಂಸ್ಥೆ ಅಂದ್ರ ಏನ್ರಿ ಅಕ್ಕಾರ?"

"ನಿಮ್ಮ ಜೊತಿಗೆ ಈ ಕೆಲಸ ಮಾಡೋರು."

"ನಮ್ಮ ಹೆಂಡ್ತಿ ಅದಾಳ್ರಿ. ಮತ್ತ ಎರಡು ನಾಯಿ ಅದಾವು."

"ನಿಮ್ಮ ಕೈ ಕೆಳಗ ಎಷ್ಟು ಮಂದಿ ಅದಾರ?"

"ನಮ್ಮ ಕೈ ಕೆಳಗ ಯಾರೂ ಇಲ್ರಿ. ನಾನೇ ಈಕಿ ಕೈ ಕೆಳಗ ಅದೀನಿ."

"ಅದನ್ನ ಬರಕಳ್ರಿ ಅಕ್ಕಾರ" ಎಂದಳು ಕೆಂಚಮ್ಮ ಒಲೆಯ ಮುಂದಿನಿಂದ.

ಮುಂದಿನ ಪ್ರಶ್ನೆ ಬಹಳ ಮುಖ್ಯವಾದದ್ದು. ನಿಮ್ಮ ಕೆಲಸಕ್ಕೆ ಮೊದಲು ಎಷ್ಟು ಪ್ರಾಣಿಗಳಿದ್ದವು, ಈಗ ಎಷ್ಟಿವೆ? ಕೇಳಿದ್ದೇ ತಡ, ಮೈಲಾರಪ್ಪ ಎರಡೂ ಕೈ ಅಡ್ಡ ಹಿಡಿದ.

"ಮರಿ ಎಣಿಸಬಾರದ್ರಿ ಅಕ್ಕಾರ. ಎಣಿಸಿದ್ರ ಏಳಿಗಿ ಆಗಂಗಿಲ್ಲ. ನಮ್ಮ ಕುರಿನೇ ನಾವು ಎಣಿಸಂಗಿಲ್ಲ."

"ಮತ್ತ ಒಂದು ಕಳದ್ರ ಹೆಂಗ ಗೊತ್ತಾಗತೈತಿ?"

"ಒಂದೊಂದರ ಮಾರಿ ಗುರ್ತು ಇರತೈತಲ್ರಿ. ಯಾವ ಮಾರಿ ಬಂದಿಲ್ಲ ಅಂತ ಕಾಣತೈತಿ. ನೀವು ಸಾಲಿಯಾಗ ಹುಡುಗ್ರನ್ನ ಎಣಿಸ್ತೀರೇನು?"

ನಾನು ದಿನಾ ಬೆಳಿಗ್ಗೆ ಹುಡುಗರನ್ನು ನಂಬರ್ ಹಿಡಿದೇ ಕೂಗುತ್ತೇನೆ. ಆ ವಿಷಯ ಎತ್ತದೆ, ಖಾನೆಯಲ್ಲಿ "ಮಾಹಿತಿ ಸಂಗ್ರಹಣೆ ಪ್ರಗತಿಯಲ್ಲಿದೆ" ಎಂದು ಗಂಭೀರವಾಗಿ ಬರೆದುಕೊಂಡೆ.

"ನೀವು ದೂರದೃಷ್ಟಿ ಇರೋ ನಾಯಕರು ಅಂತ ಬರೀತೀನಿ" ಎಂದೆ.

"ದೂರದ್ದು ಕಾಣತೈತ್ರಿ. ಹತ್ರದ್ದೇ ಒಂಚೂರು ಮಬ್ಬು" ಎಂದ ಅವನು, ಪ್ರಾಮಾಣಿಕವಾಗಿ.

ಕೊನೆಗೆ, ಪ್ರಶಸ್ತಿ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಅವನು ಕೋಲಿನಿಂದ ನೆಲ ಗೀರುತ್ತ ಹೇಳಿದ.

"ಸುತ್ತಲ ಹಳ್ಳಿ ನಾಯಿಗೆಲ್ಲಾ ಇಂಜೆಕ್ಷನ್ ಮಾಡಿಸ್ತೀನ್ರಿ. ನಾಯಿ ಬ್ಯಾನಿ ತೋಳಕ್ಕ ಹತ್ತತೈತಿ, ಡಾಕ್ಟ್ರೇ ಹೇಳ್ಯಾರ. ಮತ್ತ ಮಂದಿಗೆ ಕೊಡಾಕ ಮರಿ ಬೇಕ್ರಿ. ನಮ್ಮ ಹಟ್ಟಿಯಾಗ ಹೆಣ್ಣು ಮರಿ ಕಮ್ಮಿ ಆಗ್ಯಾವು. ಇನ್ನೊಂದೆರಡು ವರ್ಸ ಹಿಂಗೇ ಕೊಟ್ರ ನಮ್ಮ ಹಟ್ಟಿನೇ ಇರಂಗಿಲ್ಲ. ನಾನು ಕೊಡೋದು ನಿಲ್ಲಿಸಿದ್ರ ಮತ್ತ ವಿಷ ಇಡ್ತಾರ."

ತನಗಾಗಿ ಅವನು ಒಂದು ಚಪ್ಪಲಿಯನ್ನೂ ಕೇಳಲಿಲ್ಲ. ಈ ಪ್ರಶಸ್ತಿಯನ್ನು ಇವನಿಗೆ ಕೊಡಿಸದಿದ್ದರೆ ನಾನು ಕಲಿತ ಇಂಗ್ಲಿಷ್ ಇದ್ದೂ ದಂಡ ಎಂದು ಆಗಲೇ ನಿಶ್ಚಯಿಸಿದೆ. ನಿಶ್ಚಯ ಒಳ್ಳೆಯದೇ ಆಗಿತ್ತು. ಅದನ್ನು ಮಾಡಿದವಳು ನಾನು ಎಂಬುದೊಂದೇ ತೊಂದರೆ.

ಅರ್ಜಿಯಲ್ಲಿ ಕೆಲಸದ ಸ್ಥಳವನ್ನು ನಕ್ಷೆಯಲ್ಲಿ ತೋರಿಸಬೇಕಿತ್ತು. ಬಿಲವನ್ನು ನೋಡಬೇಕು ಎಂದೆ. ಮೈಲಾರಪ್ಪ ಯಜಮಾನರ ಮುಖ ನೋಡಿದ. ಯಜಮಾನರು ಆಕಾಶ ನೋಡಿದರು. ಆಮೇಲೆ ಅವನು ಎದ್ದು, ಜಾಲಿ ಗಿಡಗಳ ನಡುವೆ ನಡೆಸಿಕೊಂಡು ಹೋಗಿ, ಒಂದು ಕೊರಕಲಿನ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತ. ಎದುರು ದಂಡೆಯಲ್ಲಿ ಒಂದು ಕತ್ತಲೆಯ ತೂತು ಕಂಡಿತು.

"ಇಲ್ಲೇ ಅದಾವ್ರಿ" ಎಂದು ಪಿಸುಗುಟ್ಟಿದ.

ನನಗೆ ಮೈ ಜುಮ್ಮೆಂದಿತು. ಆ ಕತ್ತಲೆಯಲ್ಲಿ ಎರಡು ಹೊಳೆಯುವ ಕಣ್ಣು ಕಂಡವು. ಆ ತಾಯಿತೋಳ ನನ್ನನ್ನೇ ನೋಡುತ್ತಿದೆ, ಹೆಣ್ಣಿನ ಕಷ್ಟ ಹೆಣ್ಣಿಗೇ ಗೊತ್ತು ಎಂದುಕೊಂಡು ಕೈ ಮುಗಿದೆ. ಮುಗಿದ ಕೈಯೊಳಗಿನ ಫೋನಿನಲ್ಲಿ ಲೊಕೇಶನ್ ಒತ್ತಿದೆ.

ವಾಪಸು ಬರುವಾಗ ಮೈಲಾರಪ್ಪ ಒಂದೇ ಮಾತು ಕೇಳಿಕೊಂಡ. "ಜಾಗ ಮಾತ್ರ ಯಾರಿಗೂ ಹೇಳಬ್ಯಾಡ್ರಿ ಅಕ್ಕಾರ. ಮಂದಿ ಬಂದ್ರ ತಾಯಿ ಮರಿ ಕಚ್ಚಿಗೊಂಡು ಹೋಗತೈತಿ. ಹಾದ್ಯಾಗ ಎಳೇ ಮರಿ ಸಾಯ್ತಾವು."

"ಹೇಳಿದ್ರ ಕೇಳ್ರಿ!" ಎಂದು ಗಂಟಲು ಮುಟ್ಟಿ ಆಣೆ ಮಾಡಿದೆ.

ಮುಂದಿನ ನಾಲ್ಕು ದಿನ ನಾನು ಬರೆದ ಇಂಗ್ಲಿಷಿಗೆ ನಾನೇ ಬೆರಗಾದೆ. ಒಂದೊಂದು ವಾಕ್ಯವೂ ಅರ್ಧ ಪುಟ. ಮೈಲಾರಪ್ಪ ಅದನ್ನು ಓದಿದ್ದರೆ ಇದ್ಯಾರೋ ಸತ್ತು ಸ್ವರ್ಗ ಸೇರಿದ ಮಹಾತ್ಮರು ಎಂದು ತಿಳಿಯುತ್ತಿದ್ದ. ಇಂಥ ಬರವಣಿಗೆಯನ್ನು ಯಾರಿಗೂ ತೋರಿಸದೆ ಹೊರದೇಶಕ್ಕೆ ಕಳಿಸುವುದೆಂದರೆ ಹೊಟ್ಟೆಗೆ ಸಂಕಟ. ನಮ್ಮದೊಂದು ವಾಟ್ಸಾಪ್ ಗ್ರೂಪ್ ಇದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಐದೂ ತಾಲ್ಲೂಕಿನ ಇಂಗ್ಲಿಷ್ ಶಿಕ್ಷಕರ ಬಳಗ. "ದಯವಿಟ್ಟು ತಪ್ಪುಗಳಿದ್ದರೆ ತಿಳಿಸಿ" ಎಂದು ವಿನಯದಿಂದ ಇಡೀ ಅರ್ಜಿಯನ್ನು ಅಲ್ಲಿಗೆ ಕಳಿಸಿದೆ. ಅರ್ಜಿಯ ಜೊತೆ ಕಳಿಸಲು ಭಾನುವಾರ ಬೆಳಿಗ್ಗೆ ಗುಡ್ಡದಲ್ಲಿ ಮೈಲಾರಪ್ಪನ ವಿಡಿಯೋ ಚಿತ್ರೀಕರಣ ಎಂದೂ ಸೇರಿಸಿದೆ. ಮೂರನೇ ಪುಟದಲ್ಲಿ ಲೊಕೇಶನ್ ಇತ್ತು.

ಆಣೆ ಮುರಿಯಲಿಲ್ಲ ನಾನು. ಬಾಯಿಂದ ಯಾರಿಗೂ ಹೇಳಲಿಲ್ಲ. ಬೆರಳಿನಿಂದ ಕಳಿಸಿದೆ, ಅಷ್ಟೆ!

ಬಳಗದವರೆಲ್ಲ ಕೈ ಮುಗಿಯುವ ಚಿತ್ರ ಕಳಿಸಿದರು. ಯಾರೂ ಓದಿಲ್ಲವೆಂದು ನನಗೆ ಸ್ವಲ್ಪ ಬೇಸರವಾಯಿತು.

ವಿಡಿಯೋಗೆ ಒಂದು ಕಳೆ ಬೇಡವೇ? ಕೊಟ್ಟೂರಿನ ಒಂದು ಅಂಗಡಿಯಲ್ಲಿ ಫ್ಲೆಕ್ಸ್ ಬರೆಸಲು ಕೊಟ್ಟೆ. "ವನ್ಯಜೀವಿ ಸಂರಕ್ಷಣಾ ನಾಯಕ ಶ್ರೀ ಮೈಲಾರಪ್ಪನವರು" ಎಂದು ದೊಡ್ಡಕ್ಷರ, ಪಕ್ಕದಲ್ಲಿ ತೋಳದ ಚಿತ್ರ ಇರಲಿ ಎಂದೆ. ಶನಿವಾರ ಸಂಜೆ ಸುರುಳಿ ಬಿಚ್ಚಿ ನೋಡಿದರೆ, ನೀಲಿ ಕಣ್ಣಿನ, ಗುಂಡುಗುಂಡಗಿನ, ಕೊರಳಲ್ಲಿ ಪಟ್ಟಿ ಇರುವ ಒಂದು ಪ್ರಾಣಿ ಹಿಮದಲ್ಲಿ ನಿಂತು ನಗುತ್ತಿದೆ.

"ಇದು ಯಾರದೋ ಸಾಕಿದ ನಾಯಿ ಅಲ್ಲೇನ ಗಿರಿಜಾ" ಎಂದರು ಯಜಮಾನರು.

"ದೂರದಿಂದ ಗೊತ್ತಾಗಂಗಿಲ್ಲ ಬಿಡ್ರಿ."

"ಹಿಮ?"

"ಸುಣ್ಣದ ಕಲ್ಲು ಅಂತ ತಿಳಕಂತಾರ."

ಭಾನುವಾರ ಬೆಳಿಗ್ಗೆ ಫ್ಲೆಕ್ಸನ್ನು ತೊಡೆಯ ಮೇಲೆ ಅಡ್ಡ ಹಿಡಿದುಕೊಂಡು ಬೈಕಿನ ಹಿಂದೆ ಕುಳಿತು ಹೊರಟೆ. ಗುಡ್ಡದ ಬುಡ ಮುಟ್ಟಿ ನೋಡಿದರೆ, ಸಾಲಾಗಿ ಬೈಕುಗಳು. ಮೂರು ಕಾರು. ಒಂದು ಟಂಟಂ ಆಟೋ. ಹರಪನಹಳ್ಳಿಯವರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದು ಪೇಪರ್ ಹಾಸಿ ಹರವಿದ್ದರು. ಹಗರಿಬೊಮ್ಮನಹಳ್ಳಿಯ ಮೇಡಂ ಅತ್ತೆ, ನಾದಿನಿ ಸಮೇತ ಬಂದಿದ್ದರು. ಹಡಗಲಿಯ ಬಸಣ್ಣ ಮಾಸ್ತರರು ಪೆಟ್ಟಿಗೆಯಿಂದ ಡ್ರೋನ್ ಹೊರಗೆ ತೆಗೆಯುತ್ತಿದ್ದರು. ಎಲ್ಲರ ಕೈಯಲ್ಲೂ ನನ್ನ ಲೊಕೇಶನ್!

"ಬರ್ರಿ ಮೇಡಂ" ಎಂದರು ಬಸಣ್ಣ ಮಾಸ್ತರರು. "ತೋಳ ಎಷ್ಟು ಗಂಟಿಗೆ ಬರತೈತ್ರಿ?"

ನನ್ನ ಕಣ್ಣ ಮುಂದೆ ಬಂದದ್ದು ಒಂದೇ. ಆ ತಾಯಿ ಬಾಯಲ್ಲಿ ಮರಿ ಕಚ್ಚಿಕೊಂಡು ಓಡುವುದು, ದಾರಿಯಲ್ಲಿ ಮರಿ ಸಾಯುವುದು. ಒಬ್ಬ ಮನುಷ್ಯ ತನ್ನ ಹಟ್ಟಿ ಕರಗಿಸಿ ಇಷ್ಟು ವರ್ಷ ಉಳಿಸಿದ್ದನ್ನು ನಾನು ಒಂದು ವಾರದಲ್ಲಿ, ಅದೂ ಹೊಗಳಿಕೆಯ ಆಸೆಗೆ, ಮುಗಿಸುತ್ತಿದ್ದೇನೆ! ಫ್ಲೆಕ್ಸ್ ಬಿಸಾಕಿ ಓಡಿದೆ. ದಾರಿಗೆ ಅಡ್ಡ ನಿಂತು ಎರಡೂ ಕೈ ಚಾಚಿದೆ.

"ಯಾರೂ ಮುಂದ ಹೋಗಬ್ಯಾಡ್ರಿ! ಅಲ್ಲಿ ತೋಳ ಇಲ್ಲ!"

"ನೀವೇ ಬರದೀರಲ್ರಿ ಮೂರನೇ ಪುಟದಾಗ?"

ಮೂರನೇ ಪುಟದವರೆಗೆ ಓದುವವರು ಬಳಗದಲ್ಲಿದ್ದಾರೆಂದು ಅಂದೇ ಗೊತ್ತಾದದ್ದು. ಬೇರೆ ದಾರಿ ಕಾಣದೆ ಇನ್ನೊಂದು ಸುಳ್ಳು ಹೇಳಿದೆ.

"ಅಲ್ಲಿ ಕರಡಿ ಐತ್ರಿ! ಮೈಮ್ಯಾಲೆ ಬರತೈತಿ!"

"ಕರಡಿನೂ ಐತಂತ!" ಎಂದು ಯಾರೋ ಕೂಗಿದರು. ಮಂಡಕ್ಕಿಯ ಮುಂದೆ ಕುಳಿತಿದ್ದವರೂ ಎದ್ದು ಬಂದರು. ಟಂಟಂ ಡ್ರೈವರ್ ಕೂಡ ಗಾಡಿ ಬಿಟ್ಟು ಬಂದ.

ಹಿಂದಹಿಂದಕ್ಕೆ ಹೆಜ್ಜೆ ಇಡುತ್ತ ತಡೆಯಲು ಹೋಗಿ ನಾನು ಜಾಲಿ ಮುಳ್ಳಿನ ಮೇಲೆ ಕುಳಿತುಬಿಟ್ಟೆ. ಬಿದ್ದೆ ಎನ್ನುವುದಕ್ಕಿಂತ ಕುಳಿತೆ ಎನ್ನುವುದೇ ಸರಿ, ಏಕೆಂದರೆ ತಕ್ಷಣ ಏಳಲು ಆಗಲಿಲ್ಲ. ಹಗರಿಬೊಮ್ಮನಹಳ್ಳಿ ಮೇಡಂ ಅವರ ಅತ್ತೆ ಬಂದು ಮುಳ್ಳಿನಿಂದ ಸೀರೆ ಬಿಡಿಸಿದರು.

ಅಷ್ಟರಲ್ಲಿ ಕುರಿ ಹಿಂಡಿನ ಹಿಂದೆ ಮೈಲಾರಪ್ಪ ಬಂದ. ಬೈಕುಗಳನ್ನು ನೋಡಿದ. ಮಂಡಕ್ಕಿಯನ್ನು ನೋಡಿದ. ಮುಳ್ಳು ಕೀಳಿಸಿಕೊಳ್ಳುತ್ತಿದ್ದ ನನ್ನನ್ನು ನೋಡಿದ.

"ಜಾಗ ಎಲ್ಲಾರಿಗೂ ನಾನೇ ಕಳಿಸಿದ್ನಿರೀ ಯಜಮಾನ್ರ" ಎಂದೆ. "ನನ್ನಿಂದ ದೊಡ್ಡ ತಪ್ಪಾಗೇತಿ. ಬೈರಿ ನನಗ."

ಅವನು ಬೈಯಲಿಲ್ಲ. "ಬಂದಾರಲ್ಲ, ಕುಂದ್ರಸಾಣ ಬಿಡ್ರಿ" ಎಂದು ಕೋಲೂರಿ ಜನರ ಮುಂದೆ ಹೋದ.

"ನೋಡ್ರಿ ಸಾರ್, ಸದ್ದು ಮಾಡಿದ್ರ ಅದು ಬರಂಗಿಲ್ಲ. ಮೇಲೆ ಹಾರಿಸೋದನ್ನ ಪೆಟ್ಟಿಗ್ಯಾಗ ಇಡ್ರಿ. ಫೋನು ಆರಿಸ್ರಿ. ಇಲ್ಲೇ ದೂರ ಕುಂದ್ರಬೇಕು, ಎದ್ದು ಅಡ್ಡಾಡಂಗಿಲ್ಲ."

ಐದು ತಾಲ್ಲೂಕಿನ ಶಿಕ್ಷಕರು ಸದ್ದಿಲ್ಲದೆ ಕುಳಿತರು! ಒಂದು ನಿಮಿಷವಲ್ಲ, ಒಂದು ತಾಸು! ನಮ್ಮ ತರಬೇತಿ ಶಿಬಿರಗಳಿಗೆ ಬರುವ ಯಾವ ಅಧಿಕಾರಿಯೂ ಇದನ್ನು ನಂಬುವುದಿಲ್ಲ. ಆ ಒಂದು ತಾಸು ಮೈಲಾರಪ್ಪ ಮೆಲುದನಿಯಲ್ಲಿ ಮಾತಾಡಿದ. ತೋಳ ಗಂಡುಹೆಣ್ಣು ಸೇರಿ ಸಂಸಾರ ಮಾಡುವುದು, ಬೇಟೆಗೆ ಹೋದ ಗಂಡು ಹೊಟ್ಟೆಯಲ್ಲಿ ತಂದದ್ದನ್ನು ಕಕ್ಕಿ ಮರಿಗೆ ತಿನ್ನಿಸುವುದು, ಮರಿ ಇರುವ ತಿಂಗಳಲ್ಲಿ ತಾನು ಹಟ್ಟಿಯನ್ನು ಕಿತ್ತು ಗುಡ್ಡದ ಆಚೆಗೆ ಹೂಡುವುದು.

"ಮಂದಿ ದೇವ್ರಿಗೆ ಮೀಸಲು ಬಿಡ್ತಾರಲ್ರಿ, ನಾವು ಗುಡ್ಡಕ್ಕ ಬಿಡ್ತೀವಿ, ಅಷ್ಟ" ಎಂದ. "ಅದೇನು ದೊಡ್ಡ ಕೆಲಸ ಅಲ್ಲ."

ಬಸಣ್ಣ ಮಾಸ್ತರರು ಡ್ರೋನಿನ ಪೆಟ್ಟಿಗೆಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿಕೊಂಡರು. ಚಿಗಟೇರಿ ಕಡೆಯ ಒಬ್ಬ ಯುವ ಶಿಕ್ಷಕ, ತಮ್ಮೂರಲ್ಲೂ ನಾಯಿಗಳಿಗೆ ಇಂಜೆಕ್ಷನ್ ಹಾಕಿಸಬಹುದೇ ಎಂದು ನನ್ನ ಯಜಮಾನರನ್ನು ಕೇಳಿದ. ಹಗರಿಬೊಮ್ಮನಹಳ್ಳಿಯ ಆ ಅತ್ತೆ, ಅವರ ಮನೆಯಲ್ಲೂ ಕುರಿ ಇವೆಯಂತೆ, "ನಮ್ಮ ಹಟ್ಟಿದು ಒಂದು ಹೆಣ್ಣು ಮರಿ ಕಳಸ್ತೀನಪಾ, ಇಟ್ಕ" ಎಂದರು. ಮೈಲಾರಪ್ಪ ರುಮಾಲು ತೆಗೆದು ಅವರಿಗೆ ಕೈ ಮುಗಿದ. ನಾನು ಆರು ಪುಟ ಇಂಗ್ಲಿಷಿನಲ್ಲಿ ವರ್ಣಿಸಿದ್ದ ನಾಯಕತ್ವ ಎಂಬುದು ಕಣ್ಣೆದುರಿಗೆ ಕಂಡದ್ದು ಆಗಲೇ. ನನ್ನ ಆರು ಪುಟದಲ್ಲಿ ಅದು ಇರಲೇ ಇಲ್ಲ.

ತೋಳ ಬರಲಿಲ್ಲ. ಯಾರಿಗೂ ಬೇಜಾರಾದಂತೆ ಕಾಣಲಿಲ್ಲ. ಎಲ್ಲರೂ ಫ್ಲೆಕ್ಸಿನ ಹಿಮನಾಯಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ಉಳಿದ ಮೆಣಸಿನಕಾಯಿಯನ್ನು ಕೆಂಚಮ್ಮನ ಕೈಗೆ ಕೊಟ್ಟು ಹೊರಟರು. ಧೂಳು ಇಳಿದ ಮೇಲೆ ನಾನು ಮೈಲಾರಪ್ಪನ ಮುಂದೆ ಕಲ್ಲಿನ ಮೇಲೆ ಕುಳಿತು ಅತ್ತುಬಿಟ್ಟೆ.

"ಮರಿ ಎಲ್ಲಿಗೆ ಹೋದವೋ ಏನೋ ಯಜಮಾನ್ರ. ಇಷ್ಟು ಗದ್ದಲ ಆತಲ್ಲ."

"ಎಲ್ಲಿಗೂ ಹೋಗಿಲ್ರಿ ಅಕ್ಕಾರ. ಇದ್ದಲ್ಲೇ ಅದಾವು."

"ಇಷ್ಟು ಮಂದಿ ಬಂದ್ರೂನೂ?"

ಮೈಲಾರಪ್ಪ ತಲೆ ಕೆರೆದುಕೊಂಡ. ಹೆಂಡತಿಯ ಮುಖ ನೋಡಿದ. ಹೇಳಿಬಿಡು ಎನ್ನುವಂತೆ ಅವಳು ತಲೆಯಾಡಿಸಿದಳು.

"ತಪ್ಪು ತಿಳೀಬ್ಯಾಡ್ರಿ. ಇದು ಅವುಗಳ ಜಾಗ ಅಲ್ರಿ. ಇದು ಮುಳ್ಳಹಂದಿ ಬಿಟ್ಟು ಹೋದ ಬಿಲ. ಫೋಟೋ ಫೋನ್ ಇದ್ದೋರು ಯಾರು ಬಂದ್ರೂ ನಾವು ಇದನ್ನೇ ತೋರಿಸೋದು."

ನಾನು ಅಳು ನಿಲ್ಲಿಸಿದೆ.

"ಮತ್ತ ಆವತ್ತು ನನಗ ಕಣ್ಣು ಕಂಡವಲ್ರೀ? ತಾಯಿ ತೋಳದ್ದು?"

"ಕಂಡಿದ್ದು ಚೊಲೋ ಆತ್ರಿ" ಎಂದ ಅವನು, ಅತ್ಯಂತ ಗೌರವದಿಂದ. "ನನಗ ಇಲ್ಲ ಅನ್ನಾಕ ಮನಸ್ಸಾಗಲಿಲ್ಲ."

ನಾನು ಯಜಮಾನರ ಕಡೆ ತಿರುಗಿದೆ. ಅವರು ಮತ್ತೆ ಆಕಾಶ ನೋಡುತ್ತಿದ್ದರು.

"ನಿಮಗ ಗೊತ್ತಿತ್ತೇನ್ರಿ?"

"ನನಗೂ ಮೊದ್ಲು ಮೂರು ವರ್ಸ ಇದನ್ನೇ ತೋರಿಸಿದ್ದ" ಎಂದರು. "ಹೇಳಿದ್ರ ನಿನಗ ಬೇಜಾರಾಗತೈತಿ ಅಂತ ಸುಮ್ಮನಿದ್ದೆ."

ಮುಳ್ಳು ಚುಚ್ಚಿದ್ದಕ್ಕಿಂತ ಇದು ಹೆಚ್ಚು ಚುಚ್ಚಿತು. ಆದರೆ ನಿಜ ಹೇಳಬೇಕೆಂದರೆ, ಮರಿಗಳು ಸುರಕ್ಷಿತ ಎಂದು ತಿಳಿದಾಗ ಆದ ಸಂತೋಷಕ್ಕೆ ಆ ಮನುಷ್ಯನ ಕಾಲು ಮುಟ್ಟೋಣವೆನ್ನಿಸಿತು. ಬಗ್ಗಲು ಆಗಲಿಲ್ಲ, ಮುಳ್ಳು ಇನ್ನೂ ಕೆಲವು ಒಳಗಿದ್ದವು.

ಆ ವಾರವೇ ಆರು ಪುಟವನ್ನೂ ಅಳಿಸಿ, ಮೈಲಾರಪ್ಪ ಆಡಿದ ಮಾತುಗಳನ್ನೇ ಸಣ್ಣ ಸಣ್ಣ ವಾಕ್ಯಗಳಲ್ಲಿ ಬರೆದೆ. ಎರಡು ಪುಟವಾಯಿತು. ಕೊನೆಯ ದಿನ ಕಳಿಸಲು ಕುಳಿತಾಗ ಎರಡು ಖಾನೆ ಮಾತ್ರ ಉಳಿದಿದ್ದವು. ಸ್ಥಳದ ನಕ್ಷೆ ಒಂದು.

"ಖರೇ ಜಾಗ ನಿಮಗ ಗೊತ್ತೈತೇನ್ರಿ?" ಎಂದು ಯಜಮಾನರನ್ನು ಕೇಳಿದೆ.

"ಗೊತ್ತೈತಿ. ಹೇಳಂಗಿಲ್ಲ."

ಮದುವೆಯಾಗಿ ಇಪ್ಪತ್ತು ವರ್ಷ! ಖಾನೆಯಲ್ಲಿ "ಪ್ರಾಣಿಗಳ ಹಿತದೃಷ್ಟಿಯಿಂದ ತಿಳಿಸಲಾಗುವುದಿಲ್ಲ" ಎಂದು ಬರೆದೆ.

ಎರಡನೆಯದು, ನಿಮ್ಮ ಪ್ರದೇಶದಲ್ಲಿ ವನ್ಯಜೀವಿಗಳಿಗೆ ಈಚಿನ ಅತಿದೊಡ್ಡ ಅಪಾಯ ಯಾವುದು? ಇದು ನಾನು ಊಹಿಸಿ ಬರೆಯುವ ಪ್ರಶ್ನೆಯಲ್ಲ. ಮೈಲಾರಪ್ಪನಿಗೆ ಫೋನ್ ಮಾಡಿ ಓದಿ ಹೇಳಿದೆ. ಆ ಕಡೆ ಕುರಿಗಳ ಸದ್ದಿನ ನಡುವೆ ಅವನು ಒಂದು ಸಲ ಕೆಮ್ಮಿದ.

"ಅದೊಂದನ್ನ ನೀವೇ ಬರಕಳ್ರಿ ಅಕ್ಕಾರ" ಎಂದ. "ನಾನು ಹೇಳಿದ್ರ ಚೊಲೋ ಕಾಣಂಗಿಲ್ಲ."

ಅಷ್ಟು ದೊಡ್ಡ ಮನುಷ್ಯ ಅಷ್ಟು ಸಂಕೋಚಪಟ್ಟ ಮೇಲೆ ನಾನಾದರೂ ಸತ್ಯ ಬರೆಯಬೇಕಲ್ಲವೇ? ಆ ಖಾನೆಯಲ್ಲಿ ನನ್ನ ಪೂರ್ಣ ಹೆಸರು, ಹುದ್ದೆ ಮತ್ತು ಶಾಲೆಯ ವಿಳಾಸವನ್ನು ಬರೆದು ಕಳಿಸಿದೆ.